ಶರಫುದ್ದೀನ್ ತೂಸಿ: ಲೆಕ್ಕಕ್ಕೆ ಉತ್ತರ ಇದೆಯೇ ಎಂದು ಕೇಳಿದವರು

ತೂಸಿ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮರಾಘದಲ್ಲಿ ನಕ್ಷತ್ರ ವೀಕ್ಷಣಾಲಯ ಕಟ್ಟಿಸಿದ ನಸೀರುದ್ದೀನ್ ತೂಸಿ. ಆದರೆ ಅವರ ಉಸ್ತಾದರಿಗೆ ಉಸ್ತಾದರಾಗಿದ್ದ ಇನ್ನೊಬ್ಬರು ತೂಸಿ ಇದ್ದಾರೆ. ಅವರೇ ಶರಫುದ್ದೀನ್.

12ನೇ ಶತಮಾನದಲ್ಲಿ ಇರಾನಿನ ತೂಸ್ ಸೀಮೆಯಲ್ಲಿ ಹುಟ್ಟಿದ ಇವರು ಊರಿಂದೂರಿಗೆ ಹೋಗಿ ಗಣಿತ ಕಲಿಸಿದವರು. 1165ರ ಸುಮಾರಿಗೆ ದಮಾಸ್ಕಸ್‌ನಲ್ಲಿದ್ದರು. ಅಲ್ಲಿನ ಅವರ ಶಿಷ್ಯರಲ್ಲಿ ಅಬುಲ್ ಫಝ್ಲ್ ಒಬ್ಬ ಬಡಗಿ. ಸುಲ್ತಾನ್ ನೂರುದ್ದೀನ್ ಕಟ್ಟಿಸಿದ ಆಸ್ಪತ್ರೆಯ ಬಾಗಿಲುಗಳ ಕೆಲಸ ಮಾಡಿದವರು. ಕಸುಬು ಸುಧಾರಿಸಲಿ ಎಂದು ರೇಖಾಗಣಿತ ಕಲಿಯಲು ಹೊರಟು ಕೊನೆಗೆ ವಿದ್ವಾಂಸರೇ ಆದರು. ಶರಫುದ್ದೀನ್ ಅಲೆಪ್ಪೊದಲ್ಲಿ ಒಬ್ಬ ಯಹೂದಿ ಶಿಷ್ಯನಿಗೂ ಪಾಠ ಹೇಳಿದರು. ಮೋಸುಲ್‌ನಲ್ಲಿ ಅವರಿಂದ ಕಲಿತ ಕಮಾಲುದ್ದೀನ್ ಇಬ್ನ್ ಯೂನುಸ್ ಮುಂದೆ ನಸೀರುದ್ದೀನ್ ತೂಸಿಗೆ ಕಲಿಸಿದರು.

9ನೇ ಶತಮಾನದಲ್ಲಿ ಖ್ವಾರಿಝ್ಮಿ ಬೀಜಗಣಿತಕ್ಕೆ ಬುನಾದಿ ಹಾಕಿದ್ದರು. ಘನ ಸಮೀಕರಣಗಳನ್ನು ವಕ್ರರೇಖೆ ಎಳೆದು ಬಿಡಿಸುವ ದಾರಿಯನ್ನು ಉಮರ್ ಖಯ್ಯಾಮ್ ತೋರಿಸಿದ್ದರು. ಶರಫುದ್ದೀನ್ ಇನ್ನೊಂದು ಪ್ರಶ್ನೆ ಎತ್ತಿದರು: ಈ ಲೆಕ್ಕಕ್ಕೆ ಉತ್ತರ ಇದೆಯೇ? ಇದ್ದರೆ ಎಷ್ಟು? ಸಮೀಕರಣಗಳ ಬಗ್ಗೆ ಬರೆದ ಗ್ರಂಥದಲ್ಲಿ 25 ಬಗೆಗಳನ್ನು ಎಣಿಸಿ, ಅದರಲ್ಲಿ 5 ಬಗೆಗಳಿಗೆ ಕೆಲವೊಮ್ಮೆ ಉತ್ತರವೇ ಇರುವುದಿಲ್ಲ ಎಂದು ತೋರಿಸಿಕೊಟ್ಟರು.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. 6 ಅಡಿಯ ಒಂದು ಕೋಲನ್ನು ಎರಡು ತುಂಡು ಮಾಡಿ. ಮೊದಲ ತುಂಡಿನಷ್ಟು ಉದ್ದ, ಅಷ್ಟೇ ಅಗಲ, ಎರಡನೆಯ ತುಂಡಿನಷ್ಟು ಎತ್ತರ ಇರುವ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಮೊದಲ ತುಂಡು 1 ಅಡಿಯಾದರೆ ಪೆಟ್ಟಿಗೆ 5 ಘನ ಅಡಿ ಹಿಡಿಯುತ್ತದೆ. 2 ಆದರೆ 16, 3 ಆದರೆ 27, 4 ಆದರೆ 32. ಆದರೆ 5 ಅಡಿ ಮಾಡಿದರೆ 25ಕ್ಕೆ ಇಳಿಯುತ್ತದೆ! ಏರುತ್ತಾ ಹೋಗಿ ಒಂದು ಕಡೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿ ಇರುವುದು ಕೋಲಿನ ಮೂರರಲ್ಲಿ ಎರಡು ಪಾಲಿನಲ್ಲಿ ಎಂಬುದನ್ನು ಶರಫುದ್ದೀನ್ ಸಾಬೀತು ಮಾಡಿದರು. 36 ಘನ ಅಡಿ ಬೇಕೆಂದರೆ ಉತ್ತರ ಇಲ್ಲ. 32ಕ್ಕೆ ಒಂದೇ ಉತ್ತರ. 27ಕ್ಕೆ ಎರಡು: ಒಂದು 3, ಇನ್ನೊಂದು 4 ಮತ್ತು 5ರ ನಡುವೆ.

ಇಂದು ಪಿಯುಸಿ ಮಕ್ಕಳು ಫಂಕ್ಷನ್ ಏರುವುದು, ಇಳಿಯುವುದು, ಅದರ ಗರಿಷ್ಠ ಬೆಲೆ ಎಂದೆಲ್ಲ ಕಲಿಯುವುದು ಇದನ್ನೇ. ಫಂಕ್ಷನ್ ಎಂಬ ಹೆಸರು ಆಗ ಇರಲಿಲ್ಲ. ಈಗಿನ ಚಿಹ್ನೆಗಳೂ ಇರಲಿಲ್ಲ. ಇಡೀ ಲೆಕ್ಕವನ್ನು ಅವರು ಮಾತಿನಲ್ಲೇ ಬರೆದರು.

ನಕ್ಷತ್ರಗಳ ಎತ್ತರ ಅಳೆಯಲು ಒಂದು ಕೋಲು ಮತ್ತು ದಾರಗಳಲ್ಲೇ ಸಲಕರಣೆ ಮಾಡಿದವರೂ ಇವರೇ. ಅದಕ್ಕೆ ತೂಸಿಯ ಕೋಲು ಎಂದೇ ಹೆಸರು. 1213ರ ಸುಮಾರಿಗೆ ಇರಾನಿನಲ್ಲಿ ತೀರಿಕೊಂಡರು.

ಲೆಕ್ಕದ ಉತ್ತರ ಸಿಗಲಿಲ್ಲ ಎಂದು ಮಗು ಅಳುತ್ತಾ ಬಂದರೆ ದಡ್ಡ ಎಂದು ಬೈಯಬೇಡಿ. ಉತ್ತರ ಇದೆಯೇ ಎಂದು ಮೊದಲು ಜೊತೆಗೆ ಕೂತು ನೋಡಿ. ಇಲ್ಲ ಎಂದು ಕಾರಣ ಸಹಿತ ತೋರಿಸಿದರೆ ಅದೂ ಸರಿಯಾದ ಉತ್ತರವೇ.