ಪಾಲು ಕೊಟ್ಟ ವಿಜ್ಞಾನಿ ಹೆರಾಲ್ಡ್ ಯೂರಿ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಡೆಬಿಟ್, ಕ್ರೆಡಿಟ್ ಬರೆಯುವವಳಿಗೆ ವಿಜ್ಞಾನಿಯ ಉಸಾಬರಿ ಏಕೆ ಎಂದು ವಿಜ್ಞಾನ ವಿಭಾಗದ ಗೆಳತಿಯರು ನಗಬಹುದು. ಅದಕ್ಕೆ ಕಾರಣ ನನ್ನ ಆಪಾ. ಅವಳು ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜಿನ ಸೆಮಿನಾರಿಗೆ ಅವಳಿಗೆ ಸಿಕ್ಕ ವಿಷಯ, ಭೂಮಿಯ ಮ್ಯಾಂಟಲ್ ಪದರದಿಂದ ಬಂದ ಕಲ್ಲುಗಳಲ್ಲಿರುವ ಜಲಜನಕದ ಐಸೋಟೋಪುಗಳು. ಮನೆಯಲ್ಲಿ ಅಭ್ಯಾಸ ಮಾಡುವಾಗ ನಾನು, ಅಮ್ಮಿ ಇಬ್ಬರೇ ಸಭಿಕರು. ಅಮ್ಮಿ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದರು. ನಮ್ಮ ಮನೆಮಾತು ಉರ್ದು, ಆಪಾ ಓದುತ್ತಿದ್ದದ್ದು ಇಂಗ್ಲಿಷ್. ನನಗೆ ಅರ್ಧ ತಿಳಿಯಲಿಲ್ಲ. ಆದರೆ ನಡುವೆ ಬಂದ ಒಂದು ಹೆಸರು ಮನಸ್ಸಿನಲ್ಲಿ ಉಳಿಯಿತು: ಹೆರಾಲ್ಡ್ ಯೂರಿ. ಮರುದಿನದಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಯೂರಿ ಅವರು ಹುಟ್ಟಿದ್ದು 1893ರ ಏಪ್ರಿಲ್ 29ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲಾ ಶಿಕ್ಷಕರು, ಚರ್ಚಿನಲ್ಲಿ ಬೋಧಕರೂ ಆಗಿದ್ದರು. ಮಗನಿಗೆ ಆರು ವರ್ಷವಾದಾಗ ತಂದೆ ತೀರಿಕೊಂಡರು. ಹೈಸ್ಕೂಲು ಮುಗಿದ ಮೇಲೆ ಯೂರಿ ನೇರವಾಗಿ ಕಾಲೇಜಿಗೆ ಹೋಗಲಿಲ್ಲ. ಹಳ್ಳಿ ಶಾಲೆಗಳಲ್ಲಿ ಮೇಷ್ಟರ ಕೆಲಸ ಮಾಡಿದರು. ಮೊಂಟಾನಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ 1914ನೇ ಇಸವಿ, ಅವರಿಗೆ 21 ವರ್ಷ. ಖರ್ಚು ಉಳಿಸಲು ಡೇರೆಯೊಂದರಲ್ಲಿ ವಾಸ ಮಾಡಿಕೊಂಡು ಓದಿದರು. ಪದವಿ ಪಡೆದ ಮುಖ್ಯ ವಿಷಯವೂ ರಸಾಯನಶಾಸ್ತ್ರವಲ್ಲ, ಪ್ರಾಣಿಶಾಸ್ತ್ರ! ಮೊದಲನೇ ಮಹಾಯುದ್ಧದ ಕಾಲದಲ್ಲಿ ಸ್ಫೋಟಕ ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಬರ್ಕ್ಲಿಯಲ್ಲಿ ಗಿಲ್ಬರ್ಟ್ ಲೂಯಿಸ್ ಅವರ ಬಳಿ ಓದಿ 1923ರಲ್ಲಿ ಪಿಎಚ್.ಡಿ. ಪಡೆದರು. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಗೂ ಹೋಗಿ ಬಂದರು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಇಲ್ಲಿಂದ ಮುಂದಿನ ಕಥೆ ನನಗೆ ಲೆಕ್ಕಶಾಸ್ತ್ರದ ಪಾಠದಂತೆಯೇ ಕಂಡಿತು. ಜಲಜನಕದ ಪರಮಾಣು ತೂಕವನ್ನು ಆಗ ಎರಡು ವಿಧಾನದಲ್ಲಿ ಅಳೆದಿದ್ದರು. ಎರಡರ ಉತ್ತರವೂ ಹೆಚ್ಚುಕಡಿಮೆ ಒಂದೇ ಬಂದಿತ್ತು. ಆದರೆ ಎರಡಕ್ಕೂ ಅಳತೆಗೋಲಾಗಿದ್ದ ಆಮ್ಲಜನಕದಲ್ಲೇ ಭಾರದ ಬಗೆಗಳೂ ಇವೆ ಎಂದು 1929ರಲ್ಲಿ ಗೊತ್ತಾಯಿತು. ಹಾಗಾದರೆ ಎರಡು ಉತ್ತರಗಳು ಬೇರೆ ಬೇರೆ ಬರಬೇಕಿತ್ತು. ತಾಳೆಯಾಗಬಾರದ್ದು ತಾಳೆಯಾಗಿದೆ! ಬರ್ಜ್ ಮತ್ತು ಮೆಂಜೆಲ್ ಎಂಬ ವಿಜ್ಞಾನಿಗಳು 1931ರಲ್ಲಿ, ಜಲಜನಕದಲ್ಲೂ ಎರಡರಷ್ಟು ತೂಕದ ಪರಮಾಣುಗಳು ಅಡಗಿರಬಹುದು, ಸುಮಾರು 4500ಕ್ಕೆ ಒಂದು ಇದ್ದರೆ ಲೆಕ್ಕ ಸರಿಹೋಗುತ್ತದೆ ಎಂದು ಬರೆದರು. ಯೂರಿ ಅದನ್ನು ಓದಿದ ಕೂಡಲೇ ಹುಡುಕಾಟಕ್ಕೆ ಇಳಿದರು.

ದ್ರವ ಜಲಜನಕವನ್ನು ನಿಧಾನವಾಗಿ ಆವಿಯಾಗಲು ಬಿಟ್ಟರೆ ಹಗುರವಾದದ್ದು ಬೇಗ ಹೋಗಿ, ಭಾರವಾದದ್ದು ತಳದಲ್ಲಿ ಹೆಚ್ಚು ಉಳಿಯಬೇಕು ಎಂಬುದು ಅವರ ಯೋಚನೆ. ವಾಷಿಂಗ್ಟನ್ನಿನಲ್ಲಿ ಫರ್ಡಿನಂಡ್ ಬ್ರಿಕ್‌ವೆಡ್ ಅವರು ಸೊನ್ನೆಗಿಂತ 259 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಸುಮಾರು ನಾಲ್ಕು ಲೀಟರ್ ದ್ರವ ಜಲಜನಕವನ್ನು ಒಂದು ಮಿಲಿಲೀಟರ್ ಉಳಿಯುವವರೆಗೆ ಆವಿ ಮಾಡಿ ಕಳಿಸಿದರು. ನ್ಯೂಯಾರ್ಕಿನಲ್ಲಿ ಯೂರಿ ಮತ್ತು ಅವರ ಸಹಾಯಕ ಜಾರ್ಜ್ ಮರ್ಫಿ ಅದರ ಬೆಳಕಿನ ರೇಖೆಗಳ ಚಿತ್ರ ತೆಗೆದರು. ಮಾಮೂಲಿ ಜಲಜನಕದ ರೇಖೆಯ ಪಕ್ಕದಲ್ಲಿ, ಲೆಕ್ಕ ಹಾಕಿದ್ದ ಜಾಗದಲ್ಲೇ, ಇನ್ನೊಂದು ಮಸುಕು ರೇಖೆ ಕಂಡಿತು. 1931ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಯೂರಿ ಮನೆಗೆ ಊಟಕ್ಕೆ ತಡವಾಗಿ ಬಂದದ್ದು ಇದೇ ಕಾರಣಕ್ಕೆ. ಹೊಸ ಐಸೋಟೋಪಿಗೆ ಡ್ಯುಟೀರಿಯಂ ಎಂದು ಹೆಸರಾಯಿತು.

ಇದರಲ್ಲಿ ಒಂದು ತಮಾಷೆ ಇದೆ. 1935ರಲ್ಲಿ ಮತ್ತೆ ಅಳೆದು ನೋಡಿದಾಗ ಹಳೆಯ ತೂಕವೇ ಸ್ವಲ್ಪ ತಪ್ಪು ಎಂದು ತಿಳಿಯಿತು. ಯೂರಿಯವರನ್ನು ಹೊರಡಿಸಿದ ಸುಳಿವೇ ತಪ್ಪು, ಆದರೆ ಅವರು ಹುಡುಕಿದ ವಸ್ತು ನಿಜ. ನಮ್ಮ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಕೂಡ ಎರಡೂ ಕಡೆ ಮೊತ್ತ ಸಮ ಬಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ ಎಂದು ನಮ್ಮ ಸರ್ ಯಾವಾಗಲೂ ಹೇಳುತ್ತಾರೆ.

1934ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಯೂರಿ ಒಬ್ಬರಿಗೇ ಬಂತು. ಆ ಡಿಸೆಂಬರಿನಲ್ಲಿ ಹೆಂಡತಿಗೆ ಹೆರಿಗೆಯ ಸಮಯವಾದ್ದರಿಂದ ಅವರು ಸಮಾರಂಭಕ್ಕೂ ಹೋಗಲಿಲ್ಲ. ಬಂದ ಹಣದಲ್ಲಿ ಕಾಲು ಭಾಗ ಬ್ರಿಕ್‌ವೆಡ್ ಅವರಿಗೆ, ಕಾಲು ಭಾಗ ಮರ್ಫಿಯವರಿಗೆ ಕೊಟ್ಟರು. ಅಂದರೆ 2:1:1. ಕೊಡಲೇಬೇಕೆಂಬ ಕಾನೂನು ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಈ ಸಾಲು ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ಕಳೆದ ವಾಣಿಜ್ಯ ಪ್ರದರ್ಶನದಲ್ಲಿ ನಾವು ಮೂವರು ಈರುಳ್ಳಿ ಬೆಲೆಯ ಮೇಲೆ ಒಂದು ಪ್ರಾಜೆಕ್ಟ್ ಮಾಡಿದ್ದೆವು. ಒಬ್ಬಳು ಬಿಸಿಲಿನಲ್ಲಿ ಮಾರ್ಕೆಟ್ ಸುತ್ತಿ ಅಂಗಡಿ ಅಂಗಡಿಯ ಬೆಲೆ ಬರೆದುಕೊಂಡು ಬಂದಳು. ಇನ್ನೊಬ್ಬಳು ಲೆಕ್ಕ ಹಾಕಿದಳು. ನಾನು ಚಾರ್ಟ್ ಬರೆದು, ಎದುರು ನಿಂತು ಮಾತಾಡಿದೆ. ಪ್ರಮಾಣಪತ್ರದಲ್ಲಿ ನನ್ನ ಹೆಸರು, ಕವರಿನಲ್ಲಿ 1500 ರೂಪಾಯಿ. ಅದು ಲೀಡರಿಗೆ ಕೊಟ್ಟದ್ದು ಎಂದು ಗೆಳತಿಯರಿಗೆ ಹೇಳಿ ಸುಮ್ಮನಾಗಿದ್ದೆ. ಅವರೂ ಏನೂ ಹೇಳಿರಲಿಲ್ಲ. ಆದರೆ ಅಂದಿನಿಂದ ಒಬ್ಬಳು ನನ್ನ ಬೆಂಚಿನಲ್ಲಿ ಕೂರುತ್ತಿರಲಿಲ್ಲ.

ಪಾಲುದಾರಿಕೆಯ ಪಾಠದಲ್ಲಿ ನಾವು ಓದಿದ್ದೇನು? ಒಪ್ಪಂದ ಪತ್ರ ಇಲ್ಲದಿದ್ದರೆ ಲಾಭ ಎಲ್ಲರಿಗೂ ಸಮಪಾಲು. ಅದು ಭಾರತದ 1932ರ ಪಾಲುದಾರಿಕೆ ಕಾಯಿದೆ. ಯೂರಿಯವರ ಡ್ಯುಟೀರಿಯಂ ಲೇಖನ ಪ್ರಕಟವಾದದ್ದೂ 1932ರಲ್ಲೇ! ನಮ್ಮ ನಡುವೆ ಒಪ್ಪಂದ ಪತ್ರ ಇರಲಿಲ್ಲ, ಆದ್ದರಿಂದ ತಲಾ 500. ಅಷ್ಟರಲ್ಲಿ ನಾನು 700 ರೂಪಾಯಿಗೆ ಚಪ್ಪಲಿ ಕೊಂಡುಬಿಟ್ಟಿದ್ದೆ. ಕಡಿಮೆ ಬಿದ್ದ 200 ಆಪಾಳಿಂದ ಸಾಲ ಪಡೆದೆ. ಒಬ್ಬಳು ನಗುತ್ತಾ ತೆಗೆದುಕೊಂಡಳು. ಇನ್ನೊಬ್ಬಳು ತೆಗೆದುಕೊಂಡಳು, ಆದರೆ ಬೆಂಚು ಬದಲಿಸಿಲ್ಲ. ಪ್ರಮಾಣಪತ್ರವನ್ನು ತಿದ್ದಲಾಗದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಆ ಪ್ರಾಜೆಕ್ಟ್ ಮೂವರದು. ಹೆಸರು ಹಾಕುವುದು ಬೇಡ ಎಂದು ಇಬ್ಬರೂ ಹೇಳಿದ್ದರಿಂದ ಹಾಕಿಲ್ಲ.

ಯೂರಿ ಅವರು ಇನ್ನೂ ಹಲವು ಸಲ ಹೀಗೆ ನಡೆದುಕೊಂಡರು. ತಮಗೆ ಬಂದ ಸಂಶೋಧನಾ ಹಣದಲ್ಲಿ ಅರ್ಧವನ್ನು ಕಿರಿಯ ವಿಜ್ಞಾನಿ ರಾಬಿ ಅವರಿಗೆ ಕೊಟ್ಟರು. ರಾಬಿ ಅವರಿಗೂ 1944ರಲ್ಲಿ ನೊಬೆಲ್ ಬಂತು. 1953ರಲ್ಲಿ ಶಿಷ್ಯ ಸ್ಟ್ಯಾನ್ಲಿ ಮಿಲ್ಲರ್, ಹಳೆಯ ಭೂಮಿಯಲ್ಲಿ ಇದ್ದಿರಬಹುದಾದ ಅನಿಲಗಳಿಗೆ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲ ಪಡೆದ ಪ್ರಯೋಗವನ್ನು ಪ್ರಕಟಿಸಿದಾಗ, ಯೂರಿ ಲೇಖನದಿಂದ ತಮ್ಮ ಹೆಸರನ್ನು ತೆಗೆಸಿದರು. ತಮ್ಮ ಹೆಸರಿದ್ದರೆ ಹುಡುಗನ ಹೆಸರು ಮುಚ್ಚಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಅವರು ಅಣುಬಾಂಬಿನ ಯೋಜನೆಗಾಗಿ ಯುರೇನಿಯಂ ಐಸೋಟೋಪುಗಳನ್ನು ಬೇರ್ಪಡಿಸುವ ಕೆಲಸದ ಮುಖ್ಯಸ್ಥರಲ್ಲೊಬ್ಬರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಯುದ್ಧ ಮುಗಿದ ಮೇಲೆ ಅಣುಶಕ್ತಿ ಸೇನೆಯ ಕೈಯಲ್ಲಿ ಇರಬಾರದೆಂದು ಊರೂರು ತಿರುಗಿ ಮಾತಾಡಿದರು.

ಆಮೇಲೆ ಷಿಕಾಗೋದಲ್ಲಿ, ಭಾರದ ಮತ್ತು ಹಗುರದ ಐಸೋಟೋಪುಗಳು ಪ್ರಕೃತಿಯಲ್ಲಿ ಹೇಗೆ ಬೇರೆಯಾಗುತ್ತವೆ ಎಂಬ ಲೆಕ್ಕವನ್ನು 1947ರಲ್ಲಿ ಪ್ರಕಟಿಸಿದರು. ಆಪಾಳ ಸೆಮಿನಾರಿನ ಬೇರು ಇದೇ. ಸಮುದ್ರದ ನೀರಿನಲ್ಲಿ ಸುಮಾರು 6400 ಜಲಜನಕ ಪರಮಾಣುಗಳಿಗೆ ಒಂದು ಡ್ಯುಟೀರಿಯಂ. ಮ್ಯಾಂಟಲ್‌ನಿಂದ ಮೇಲೆ ಬಂದ ಕಲ್ಲಿನೊಳಗೂ ಸ್ವಲ್ಪ ಜಲಜನಕ ಇರುತ್ತದೆ. ಸಾಗರದ ತಳದ ಏಣುಗಳ ಲಾವಾದಲ್ಲಿ ಡ್ಯುಟೀರಿಯಂ ಪಾಲು ಸಮುದ್ರಕ್ಕಿಂತ ಸುಮಾರು ಶೇ. 6ರಿಂದ 8ರಷ್ಟು ಕಡಿಮೆ. ಕೆನಡಾದ ಬ್ಯಾಫಿನ್ ದ್ವೀಪದ ಲಾವಾ ಮ್ಯಾಂಟಲ್‌ನ ಬಹಳ ಆಳದಿಂದ ಬಂದದ್ದು. ಅದರಲ್ಲಿ ಶೇ. 22ರವರೆಗೂ ಕಡಿಮೆ ಇದೆ ಎಂದು 2015ರಲ್ಲಿ ಪ್ರಕಟವಾಯಿತು. ರೊಸೆಟ್ಟಾ ನೌಕೆ ಅಳೆದ ಧೂಮಕೇತುವಿನಲ್ಲಾದರೋ ಸಮುದ್ರದ ಮೂರರಷ್ಟು! ಆದ್ದರಿಂದ ಭೂಮಿಯ ನೀರಿನ ಒಂದು ಪಾಲು ಹೊರಗಿನಿಂದ ಬಂದದ್ದಲ್ಲ, ಭೂಮಿ ರೂಪುಗೊಳ್ಳುವಾಗಲೇ ಧೂಳಿನ ಮೋಡದಿಂದ ಒಳಗೆ ಸೇರಿದ್ದಿರಬಹುದು ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ಕಲ್ಲಿನೊಳಗೆ ನೀರಿನ ಲೆಕ್ಕ ಇದೆ ಎಂದು ಕೇಳಿ ಅಮ್ಮಿ ಬೆಳ್ಳುಳ್ಳಿ ಬಿಟ್ಟು ಆಪಾಳ ಮುಖವನ್ನೇ ನೋಡಿದರು.

ಯೂರಿ ಅವರು ಕೊನೆಯವರೆಗೂ ಚಂದ್ರ ಮತ್ತು ಗ್ರಹಗಳ ಹುಟ್ಟಿನ ಬಗ್ಗೆ ಯೋಚಿಸುತ್ತಲೇ ಇದ್ದು, 1981ರ ಜನವರಿ 5ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಆಪಾಳ ಸೆಮಿನಾರ್ ಚೆನ್ನಾಗಿ ಆಯಿತು. ಅವಳ 200 ರೂಪಾಯಿ ಸಾಲ ನನ್ನ ಪುಸ್ತಕದಲ್ಲಿ ಇನ್ನೂ ಬಾಕಿ ಇದೆ.