ಮರದ ಉಂಗುರಗಳಲ್ಲಿ ಕಾಲವನ್ನು ಓದಿದ ಡಗ್ಲಾಸ್

ಮರದ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವುದು ಹಳೆಯ ವಿದ್ಯೆ. ಅವೇ ಉಂಗುರಗಳಿಂದ ಪ್ರಾಚೀನ ಕಟ್ಟಡಗಳ ಕಾಲವನ್ನು ವರ್ಷದ ಲೆಕ್ಕದಲ್ಲಿ ನಿರ್ಧರಿಸುವ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಖಗೋಳ ವಿಜ್ಞಾನಿ ಆಂಡ್ರ್ಯೂ ಎಲಿಕಾಟ್ ಡಗ್ಲಾಸ್.

1867ರ ಜುಲೈ 5ರಂದು ಅಮೆರಿಕದ ವರ್ಮಾಂಟ್ ರಾಜ್ಯದ ವಿಂಡ್ಸರ್‌ನಲ್ಲಿ ಜನಿಸಿದ ಡಗ್ಲಾಸ್, 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಪರ್ಸಿವಲ್ ಲೋವೆಲ್ ಸ್ಥಾಪಿಸಿದ ವೀಕ್ಷಣಾಲಯವನ್ನು ಸೇರಿದರು. ಮಂಗಳ ಗ್ರಹದಲ್ಲಿ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳಿವೆ ಎಂಬುದು ಲೋವೆಲ್ ಅವರ ದೃಢ ನಂಬಿಕೆಯಾಗಿತ್ತು. ಆ ಗೆರೆಗಳು ಕಣ್ಣಿನ ಭ್ರಮೆಯಿರಬಹುದೆಂದು ಶಂಕಿಸಿದ ಡಗ್ಲಾಸ್, 1901ರಲ್ಲಿ ಕೆಲಸ ಕಳೆದುಕೊಂಡರು.

ಆದರೆ ಸಂಶೋಧನೆಯ ಹಂಬಲ ಅವರನ್ನು ಬಿಡಲಿಲ್ಲ. ಸೌರಕಲೆಗಳ ಸುಮಾರು 11 ವರ್ಷಗಳ ಆವರ್ತನವು ಮಳೆಯ ಮೇಲೆ ಪರಿಣಾಮ ಬೀರುವುದಾದರೆ, ಒಣ ನಾಡಿನ ಮರಗಳಲ್ಲಿ ಅದರ ಗುರುತು ಉಳಿದಿರಬೇಕೆಂದು ಅವರು ತರ್ಕಿಸಿದರು. ಮಳೆ ಹೆಚ್ಚಾದ ವರ್ಷ ಪೈನ್ ಮರದ ಉಂಗುರ ಅಗಲವಾಗಿಯೂ, ಬರದ ವರ್ಷ ಕಿರಿದಾಗಿಯೂ ಇರುತ್ತದೆ. ಒಂದೇ ಪ್ರದೇಶದ ಮರಗಳಲ್ಲೆಲ್ಲ ಈ ಅಗಲ-ಕಿರಿದುಗಳ ಕ್ರಮ ಒಂದೇ ಬಗೆಯಾಗಿರುವುದನ್ನು ಗುರುತಿಸಿದ್ದು ಅವರ ಮಹತ್ವದ ಸಾಧನೆ. ಇದರಿಂದ ಜೀವಂತ ಮರದ ಒಳ ಉಂಗುರಗಳನ್ನು ಹಳೆಯ ತೊಲೆಯ ಹೊರ ಉಂಗುರಗಳೊಂದಿಗೆ ಹೊಂದಿಸಿ, ಹಿಂದಿನ ಶತಮಾನಗಳತ್ತ ಸಾಗುವುದು ಸಾಧ್ಯವಾಯಿತು.

1906ರಲ್ಲಿ ಅರಿಜೋನಾ ವಿಶ್ವವಿದ್ಯಾಲಯ ಸೇರಿದ ಡಗ್ಲಾಸ್ ಅವರ ನೆರವನ್ನು ಪುರಾತತ್ವಜ್ಞರು ಕೋರಿದರು. ನ್ಯೂ ಮೆಕ್ಸಿಕೊದ ಪ್ಯೂಬ್ಲೊ ಬೊನಿಟೊ ಮುಂತಾದ ಮೂಲನಿವಾಸಿಗಳ ಪಾಳುಮನೆಗಳ ತೊಲೆಗಳಿಂದ 585 ವರ್ಷಗಳ ಸರಣಿಯೊಂದು ಸಿದ್ಧವಾಯಿತು. ಆದರೆ ಅದು ವರ್ತಮಾನದಿಂದ ಹಿಂದಕ್ಕೆ ಎಣಿಸಿದ ಸರಣಿಗೆ ಕೂಡಿಕೊಳ್ಳಲಿಲ್ಲ. 1929ರ ಜೂನ್ 22ರಂದು ಅರಿಜೋನಾದ ಶೋ ಲೋ ಎಂಬಲ್ಲಿ ದೊರೆತ ಸುಟ್ಟ ತೊಲೆ, ಎಚ್‌ಎಚ್-39, ಎರಡನ್ನೂ ಬೆಸೆಯಿತು. ಅಲ್ಲಿಯವರೆಗೆ ಕೇವಲ ಊಹೆಯಾಗಿದ್ದ ಹತ್ತಾರು ನೆಲೆಗಳ ಕಾಲ ಖಚಿತವಾಯಿತು. 13ನೇ ಶತಮಾನದ ಕೊನೆಯ ಭೀಕರ ಬರಗಾಲವೂ ಉಂಗುರಗಳಲ್ಲಿ ಗೋಚರಿಸಿತು.

ಇದೇ ವಿಧಾನ ಇಂದು ಭಾರತದ ಸಾಗುವಾನಿ ಮರಗಳಿಂದ ಹಿಂದಿನ ಮುಂಗಾರುಗಳ ಸ್ವರೂಪ ತಿಳಿಯಲು ಬಳಕೆಯಲ್ಲಿದೆ.

1937ರಲ್ಲಿ ಡಗ್ಲಾಸ್ ತಮ್ಮ ವಿಶ್ವವಿದ್ಯಾಲಯದಲ್ಲೇ ಮರದ ಉಂಗುರಗಳ ಸಂಶೋಧನಾಲಯವನ್ನು ಸ್ಥಾಪಿಸಿದರು. 1962ರ ಮಾರ್ಚ್ 20ರಂದು, 94ನೇ ವಯಸ್ಸಿನಲ್ಲಿ ನಿಧನರಾದರು. ಬಾಹ್ಯಾಕಾಶ ನೌಕೆಗಳು ತೆಗೆದ ಚಿತ್ರಗಳಲ್ಲಿ ಮಂಗಳನ ಕಾಲುವೆಗಳು ಕಾಣಲಿಲ್ಲ. ಡಗ್ಲಾಸ್ ಅವರ ಶಂಕೆಯೇ ನಿಜವಾಯಿತು. ಅವರು ಜೀವನವಿಡೀ ಅರಸಿದ ಸೌರಕಲೆಗಳ ನಂಟೂ ಮರಗಳಲ್ಲಿ ಖಚಿತವಾಗಿ ಸಿದ್ಧಪಡಲಿಲ್ಲ. ಆ ಹುಡುಕಾಟದ ದಾರಿಯಲ್ಲಿ ದೊರೆತ ಕಾಲಗಣನೆಯ ವಿದ್ಯೆ ಮಾತ್ರ ಚಿರಸ್ಥಾಯಿಯಾಯಿತು.