ಭಾಸ್ಕರಾಚಾರ್ಯರ ಬಿದಿರು

ಗೋಡೆಗೆ ಏಣಿಯೊಂದನ್ನು ಒರಗಿಸಿದೆ. ಏಣಿಯ ಉದ್ದ ಇಷ್ಟು, ನೆಲದೊಡನೆ ಅದು ಮಾಡುವ ಕೋನ ಇಷ್ಟು. ತುದಿಯು ಎಷ್ಟು ಎತ್ತರವನ್ನು ಮುಟ್ಟೀತು? ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದೊಡನೆ ನಮ್ಮ ತರಗತಿಯಲ್ಲಿ ಹಲವರ ಮುಖ ಬಾಡುತ್ತದೆ. ಕಳೆದ ವರ್ಷ ಜಾಣ ಬಾಲಕನೊಬ್ಬನು, ಸೈನು ಕೊಸೈನುಗಳು ಇಂಗ್ಲಿಷರ ಶಾಸ್ತ್ರ, ಕನ್ನಡದಲ್ಲಿ ಕಲಿತವರಿಗೆ ಅವು ಹತ್ತಲಾರವು ಎಂದುಬಿಟ್ಟನು. ಕನ್ನಡದಲ್ಲಿಯೇ ಮ್ಯಾಟ್ರಿಕ್ ಮುಗಿಸಿದ ನಮಗೆ ಆ ಮಾತು ಚುಚ್ಚಿತು; ಆದರೂ ಅಂದು ಉತ್ತರ ಹೊಳೆಯಲಿಲ್ಲ. ಆ ಸಾಲವನ್ನು ಇಂದು ತೀರಿಸುತ್ತಿದ್ದೇವೆ.

ಭಾಸ್ಕರಾಚಾರ್ಯರು ಜನಿಸಿದುದು ಕ್ರಿ. ಶ. ೧೧೧೪ರಲ್ಲಿ. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡವು ತಮ್ಮ ಊರೆಂದು ಆಚಾರ್ಯರೇ ತಿಳಿಸಿದ್ದಾರೆ. ಅದು ವಿಜಾಪುರವೆಂದು ನಮ್ಮವರೂ, ಖಾನದೇಶದ ಊರೆಂದು ಮರಾಠಿಗರೂ ವಾದಿಸುವುದುಂಟು. ಮುಂಬಯಿಯಲ್ಲಿ ಬಾಳುವ ನಮಗೆ ಇಬ್ಬರೂ ಬೇಕಾದವರೇ; ಆ ಜಗಳ ಬೇಡ.

೩೬ನೆಯ ವಯಸ್ಸಿನಲ್ಲಿ, ಎಂದರೆ ೧೧೫೦ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅದರ ಮೊದಲ ಭಾಗವೇ ಲೀಲಾವತಿ. ಲೀಲಾವತಿಯು ಮದುವೆ ತಪ್ಪಿದ ಮಗಳೆಂಬ ಕಥೆಯು ೧೫೮೭ರ ಫೈಜಿಯ ಪಾರಸಿ ಭಾಷಾಂತರದಲ್ಲಿದೆ, ಆಚಾರ್ಯರ ಬರಹದಲ್ಲಿಲ್ಲ. ನಮಗಂತೂ ಕಥೆಗಿಂತ ಲೆಕ್ಕವೇ ರುಚಿ.

೩೨ ಮೊಳದ ಬಿದಿರೊಂದು ಗಾಳಿಗೆ ಮುರಿದು, ಅದರ ತುದಿಯು ಬುಡದಿಂದ ೧೬ ಮೊಳ ದೂರದಲ್ಲಿ ನೆಲವನ್ನು ಮುಟ್ಟಿತು. ಮುರಿದುದು ಎಷ್ಟು ಎತ್ತರದಲ್ಲಿ? ೧೬ರ ವರ್ಗ ೨೫೬. ಅದನ್ನು ೩೨ರಿಂದ ಭಾಗಿಸಲು ೮. ೩೨ರಲ್ಲಿ ೮ನ್ನು ಕಳೆದು ಅರ್ಧಿಸಿದರೆ ೧೨, ಕೂಡಿಸಿ ಅರ್ಧಿಸಿದರೆ ೨೦. ೧೨ ಮೊಳದ ನಿಂತ ತುಂಡೇ ಗೋಡೆ, ೨೦ ಮೊಳದ ಓರೆಯಾದ ತುಂಡೇ ಏಣಿ!

ಇನ್ನು ಕೋನದ ಮಾತು. ಏಣಿಯನ್ನೇ ವೃತ್ತದ ತ್ರಿಜ್ಯವೆಂದು ಭಾವಿಸಿದರೆ, ಅದರ ತುದಿಯ ಎತ್ತರವನ್ನು ನಮ್ಮ ಪ್ರಾಚೀನರು ಜ್ಯಾ ಅಥವಾ ಜೀವಾ ಎಂದರು. ಆ ಶಬ್ದವು ಅರಬರಲ್ಲಿ ಜೀಬ ಆಯಿತು. ಅದನ್ನು ಮಡಿಲು ಎಂಬರ್ಥದ ಜೈಬ್ ಎಂದು ತಪ್ಪಾಗಿ ಓದಿದ ಯುರೋಪಿನ ಪಂಡಿತರು ಲ್ಯಾಟಿನ್ನಿನಲ್ಲಿ ಸೈನಸ್ ಎಂದು ಭಾಷಾಂತರಿಸಿದರು. ಅದೇ ಇಂದಿನ ಸೈನು. ಎರಡು ಕೋನಗಳ ಮೊತ್ತದ ಜ್ಯಾವನ್ನು ಕಾಣುವ ಸೂತ್ರವನ್ನು ಆಚಾರ್ಯರು ತಮ್ಮ ಗ್ರಂಥದಲ್ಲಿ ಕೊಟ್ಟಿದ್ದಾರೆ.

೧೧೮೩ರಲ್ಲಿ, ಇಳಿವಯಸ್ಸಿನಲ್ಲಿ, ಅವರು ಕರಣಕುತೂಹಲವನ್ನು ಬರೆದರು. ಮೊಮ್ಮಗ ಚಾಂಗದೇವನು ೧೨೦೭ರಲ್ಲಿ ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಮಠವೊಂದನ್ನು ಸ್ಥಾಪಿಸಿದನು. ನಾಸಿಕದಾಚೆಯ ಚಾಳೀಸಗಾಂವ ಸ್ಟೇಷನ್ನಿನ ಸಮೀಪದ ಪಾಟಣದಲ್ಲಿ ಅದರ ಶಾಸನವಿದೆ. ಆಚಾರ್ಯರ ವಂಶದ ಹೊಗಳಿಕೆಯೆಲ್ಲ ಅಲ್ಲಿ ಸಂಸ್ಕೃತದಲ್ಲಿದೆ. ಮಠಕ್ಕೆ ಸಲ್ಲಬೇಕಾದ ದತ್ತಿಗಳ ವಿವರವನ್ನು ಮಾತ್ರ ಊರ ಜನರಿಗೆ ತಿಳಿಯಲೆಂದೋ ಏನೋ, ಅಲ್ಲಿಯ ನುಡಿಯಾದ ಹಳೆಯ ಮರಾಠಿಯಲ್ಲಿ ಕೊರೆದಿದ್ದಾರೆ.